ಕುಂಬು ಹಿಡಿದ ಮಾವಿನ ದಿಮ್ಮಿಯಲ್ಲಿ ಬೋಗುಣಿ ಕಡೆಯುವ ಬಗೆ

ಮುಂಗಾರಿನ ಗಾಳಿಗೆ ಮುರಿದುಬಿದ್ದ ಮಾವಿನ ಕೊಂಬೆ ಎರಡು ಮೂರು ತಿಂಗಳು ತೋಟದಲ್ಲೇ ನೆನೆದರೆ ಸಾಮಿಲ್‌ನವರು ಅದನ್ನು ಮುಟ್ಟುವುದಿಲ್ಲ. ಸೌದೆ ಮಾಡಿದರೆ ಉರಿಗಿಂತ ಹೊಗೆಯೇ ಹೆಚ್ಚು. ಅದೇ ದಿಮ್ಮಿಯನ್ನು ಅಡ್ಡಕ್ಕೆ ಕೊಯ್ದರೆ ಕೆನೆಬಣ್ಣದ ಮೈ, ತೊಗಟೆಯಿಂದ ಒಳಕ್ಕಿಳಿದ ಬೂದು-ನೀಲಿ ಛಾಯೆ, ಅವುಗಳ ನಡುವೆ ಅಂಕುಡೊಂಕಾಗಿ ಓಡಿದ ತೆಳ್ಳನೆಯ ಕಪ್ಪು ಗೆರೆಗಳು ಕಾಣುತ್ತವೆ. ಲೇತ್ (ಮರವನ್ನು ತಿರುಗಿಸುತ್ತ ಕಡೆಯುವ ಯಂತ್ರ) ಇರುವವರಿಗೆ ಇದು ಒಳ್ಳೆಯ ಮರಕ್ಕಿಂತ ಬೆಲೆಯುಳ್ಳದ್ದು. ಅಮೆರಿಕದಲ್ಲಿ ಮೆಲ್ವಿನ್ ಲಿಂಡ್‌ಕ್ವಿಸ್ಟ್ ಮತ್ತು ಅವರ ಮಗ ಮಾರ್ಕ್ 1960-70ರ ದಶಕಗಳಲ್ಲಿ ಇಂಥ 'ಸ್ಪಾಲ್ಟೆಡ್' ಮರವನ್ನೇ ಹುಡುಕಿ ಕಡೆಯಲು ತೊಡಗಿದ ಮೇಲೆ ಇದಕ್ಕೆ ಕಲೆಯ ಲೋಕದಲ್ಲಿ ಜಾಗ ಸಿಕ್ಕಿತು. ಅದಕ್ಕೂ ಮೊದಲು, 15-16ನೇ ಶತಮಾನದ ಇಟಲಿಯ ಮರದ ಕೆತ್ತುಜೋಡಣೆಯವರು ಶಿಲೀಂಧ್ರದಿಂದ ಹಸಿರಾದ ಮರದ ಚೂರುಗಳನ್ನು ಎಲೆ, ಬೆಟ್ಟಗಳ ಚಿತ್ರಕ್ಕೆ ಬಳಸುತ್ತಿದ್ದರು.

ಇಲ್ಲಿ ಹೇಳುವುದೆಲ್ಲ ಸುಮಾರು 25 ಸೆಂ.ಮೀ. ಅಗಲ, 9-10 ಸೆಂ.ಮೀ. ಎತ್ತರದ ಮಾವಿನ ಬೋಗುಣಿಯ ಲೆಕ್ಕದಲ್ಲಿದೆ. ಕೆಲಸದುದ್ದಕ್ಕೂ ಒಂದನ್ನು ಮರೆಯಬಾರದು. ಬಲ ಬೀಳುವ ಜಾಗಗಳಾದ ತಳ, ಚಕ್ (ಲೇತ್‌ನಲ್ಲಿ ಮರವನ್ನು ಕಚ್ಚಿ ಹಿಡಿಯುವ ದವಡೆ) ಹಿಡಿಯುವ ಗೂಟ ಮತ್ತು ಸ್ಕ್ರೂ ಇಳಿಯುವ ಕಡೆ ಗಟ್ಟಿ ಮರವೇ ಇರಬೇಕು. ಕುಂಬು ಇರಬೇಕಾದದ್ದು ಕಣ್ಣಿಗೆ ಬೀಳುವ ಕಡೆ. ಇದು ತಪ್ಪಿದರೆ ಎಷ್ಟು ಅಂಟು ಸುರಿದರೂ ಬೋಗುಣಿ ಉಳಿಯುವುದಿಲ್ಲ.

ಯಾವ ಕೊಳೆತ, ಎಷ್ಟು ಕೊಳೆತ

ಕೊಳೆತದಲ್ಲಿ ನಮಗೆ ಬೇಕಾದದ್ದು ಬಿಳಿ ಕೊಳೆತ. ಇದನ್ನು ತರುವ ಶಿಲೀಂಧ್ರಗಳು ಮರದ ಮೈ ಕಟ್ಟಿರುವ ಲಿಗ್ನಿನ್ ಮತ್ತು ಸೆಲ್ಯುಲೋಸ್ ಎರಡನ್ನೂ ತಿನ್ನುತ್ತವೆ. ಮರ ಬಿಳಿಚಿಕೊಂಡು ನಾರುನಾರಾಗುತ್ತದೆ, ಆದರೂ ಬಹುಕಾಲ ಒಂದಕ್ಕೊಂದು ಹಿಡಿದುಕೊಂಡೇ ಇರುತ್ತದೆ. ಎರಡು ಶಿಲೀಂಧ್ರಗಳ ಬಳಗ ಎದುರಾದ ಗಡಿಯಲ್ಲಿ ಅವು ಕಟ್ಟಿಕೊಳ್ಳುವ ಗೋಡೆಯೇ ಆ ಕಪ್ಪು ಗೆರೆ. ಗೆರೆ ಗಟ್ಟಿ, ಅದರ ಒಂದು ಮಗ್ಗುಲು ಮೆತ್ತಗೆ, ಇನ್ನೊಂದು ಮಗ್ಗುಲು ಬೇರೆಯದೇ ಹದ. ಮುಂದೆ ಉಳಿ ಹಿಡಿದಾಗ ಬರುವ ತೊಂದರೆಗಳೆಲ್ಲ ಈ ಏರುಪೇರಿನಿಂದಲೇ ಬರುತ್ತವೆ. ನೀಲಿ-ಬೂದು ಛಾಯೆ ಬೇರೆ ಜಾತಿಯ ಶಿಲೀಂಧ್ರದ್ದು. ಅದು ಮರದೊಳಗಿನ ಸಕ್ಕರೆ, ಪಿಷ್ಟಗಳನ್ನು ತಿನ್ನುತ್ತದೆಯೇ ಹೊರತು ಎಳೆಗಳನ್ನು ಹೆಚ್ಚು ಕೆಡಿಸುವುದಿಲ್ಲ. ಬರೀ ನೀಲಿ ಹಿಡಿದ ಮಾವು ಅಥವಾ ರಬ್ಬರ್ ಮರವನ್ನು ಅಂಜದೆ ಕಡೆಯಬಹುದು.

ಕಂದು ಕೊಳೆತವನ್ನು ಮಾತ್ರ ಬಿಟ್ಟುಬಿಡಿ. ಮರ ಕಡುಕಂದಾಗಿ, ಉದ್ದಕ್ಕೂ ಅಡ್ಡಕ್ಕೂ ಬಿರಿದು ಚೌಕ ಚೌಕ ತುಂಡಾಗಿ, ಬೆರಳಲ್ಲಿ ತಿಕ್ಕಿದರೆ ಪುಡಿಯಾದರೆ ಅದರಲ್ಲಿ ಸೆಲ್ಯುಲೋಸ್ ಮುಗಿದಿದೆ. ಅದು ಗೊಬ್ಬರದ ಗುಂಡಿಗೆ.

ಬಿಳಿ ಕೊಳೆತ ಎಷ್ಟು ಮುಂದುವರಿದಿದೆ ಎಂದು ನೋಡಲು ಹೊಸದಾಗಿ ಕೊಯ್ದ ಮುಖಕ್ಕೆ ಹೆಬ್ಬೆರಳಿನ ಉಗುರನ್ನು ಒತ್ತಿ. ಗುರುತು ಬೀಳದಿದ್ದರೆ ಗಟ್ಟಿ ಮರ. ಗುರುತು ಬಿದ್ದು ಮರ ಒಡೆಯದಿದ್ದರೆ ಕೆಲಸಕ್ಕೆ ಹೇಳಿಮಾಡಿಸಿದ ಹದ. ಉಗುರು ಒಳಗೇ ಇಳಿದು ಎಳೆ ಕಿತ್ತುಬಂದರೆ ಆ ಭಾಗಕ್ಕೆ ಅಂಟಿನ ಬಲ ಬೇಕು. ಅಂಥ ಭಾಗ ದಿಮ್ಮಿಯ ಕಾಲುಪಾಲಿಗಿಂತ ಹೆಚ್ಚಿದ್ದರೆ ಆಸೆ ಬಿಡಿ. ಸುತ್ತಿಗೆಯ ಹಿಡಿಯಿಂದ ತಟ್ಟಿಯೂ ನೋಡಿ. ಗಟ್ಟಿ ಮರ ಖಣ್ ಎನ್ನುತ್ತದೆ, ಕುಂಬಾದದ್ದು ಬೊದ್ದು ಸದ್ದು ಕೊಡುತ್ತದೆ. ದಬ್ಬಣ ಚುಚ್ಚಿ ನೋಡುವಾಗ ಮೇಲ್ಮೈಯೊಂದನ್ನೇ ನಂಬಬೇಡಿ. ಮೇಲೆ ಗಟ್ಟಿಯಿದ್ದು 2 ಸೆಂ.ಮೀ. ಒಳಗೆ ಟೊಳ್ಳಾಗಿರುವುದು ಮಾವಿನಲ್ಲಿ ಸಾಮಾನ್ಯ.

ಬೇರೆ ಮರಗಳಲ್ಲಿ ಮಳೆಮರದ ತೊಗಟೆಯಂಚಿನ ಬಿಳಿ ಭಾಗ, ಕಾಫಿ ತೋಟಗಳ ಸಿಲ್ವರ್ ಓಕ್ ಚೆನ್ನಾಗಿ ಚಿತ್ತಾರ ಹಿಡಿಯುತ್ತವೆ. ಹಲಸಿನ ಹಳದಿ ಚೇಗು ಸುಲಭಕ್ಕೆ ಕೊಳೆಯುವುದಿಲ್ಲ, ಅದರಲ್ಲಿ ಇದನ್ನು ನಿರೀಕ್ಷಿಸಬೇಡಿ. ಕರಾವಳಿ-ಮಲೆನಾಡಿನ ಚೇರೆ ಮರವನ್ನು ಮುಟ್ಟಲೇಬೇಡಿ, ಅದರ ಸೊನೆ ಮೈಮೇಲೆ ಗುಳ್ಳೆ ಎಬ್ಬಿಸುತ್ತದೆ. ಮಾವಿನ ಹಸಿ ಸೊನೆಯೂ ಕೆಲವರಿಗೆ ಆಗಿಬರುವುದಿಲ್ಲ, ಹಸಿ ಮರ ಕೊಯ್ಯುವಾಗ ತುಂಬುತೋಳಿನ ಅಂಗಿ ಇರಲಿ. ಕಣಗಿಲೆ ಗಿಡವೆಲ್ಲ ವಿಷ, ಅದರ ಬುಡ ಎಷ್ಟು ದಪ್ಪವಿದ್ದರೂ ಬೋಗುಣಿಗೆ ಬೇಡ.

ಹದ ಬರಿಸುವುದು, ನಿಲ್ಲಿಸುವುದು

ಹಸಿ ದಿಮ್ಮಿಯೊಂದೇ ಕೈಯಲ್ಲಿದ್ದರೆ ಕೊಳೆಯಿಸಿಯೂ ಹದಕ್ಕೆ ತರಬಹುದು. ಶಿಲೀಂಧ್ರಕ್ಕೆ ತೇವ, ಗಾಳಿ, ಬೆಚ್ಚನೆ ಮೂರೂ ಬೇಕು. ಮರದಲ್ಲಿ ತೇವಾಂಶ ಶೇ 30ರ ಆಸುಪಾಸು ಅಥವಾ ಹೆಚ್ಚು, ಉಷ್ಣಾಂಶ 20-30 ಡಿಗ್ರಿ ಇದ್ದರೆ ಅದು ಹುರುಪಿನಿಂದ ಬೆಳೆಯುತ್ತದೆ. ನೀರಲ್ಲಿ ಮುಳುಗಿಸಿಟ್ಟರೆ ಗಾಳಿ ಸಿಗದೆ ಏನೂ ಆಗುವುದಿಲ್ಲ. ತೊಗಟೆ ಸಮೇತ 45-60 ಸೆಂ.ಮೀ. ಉದ್ದದ ತುಂಡು ಮಾಡಿ, ನೆರಳಲ್ಲಿ ಇಟ್ಟಿಗೆಯ ಮೇಲೆ ನಿಲ್ಲಿಸಿ. ನೇರ ಮಣ್ಣಿನ ಮೇಲಿಟ್ಟರೆ ನಿಮಗಿಂತ ಮೊದಲು ಗೆದ್ದಲು ಪಾಲು ತೆಗೆದುಕೊಳ್ಳುತ್ತದೆ. ಮೇಲಿನ ಮುಖಕ್ಕೆ ಒದ್ದೆ ಮರದ ಹೊಟ್ಟು ಹರಡಿ, ಅಲ್ಲಲ್ಲಿ ತೂತು ಮಾಡಿದ ಪ್ಲಾಸ್ಟಿಕ್ ಹಾಳೆ ಹೊದಿಸಿ. ಈಗಾಗಲೇ ಚಿತ್ತಾರ ಹಿಡಿದ ಮರದ ಚೂರುಗಳನ್ನು ಹೊಟ್ಟಿನ ಜೊತೆ ಬೆರೆಸಿದರೆ ಬೇಗ ಹತ್ತುತ್ತದೆ. ಮಳೆಗಾಲದಲ್ಲಿ ಮಾವಿಗೆ ಎರಡು ಮೂರು ತಿಂಗಳು ಸಾಕು. ಮೂರು ವಾರಕ್ಕೊಮ್ಮೆ ತುದಿಯಿಂದ 3 ಸೆಂ.ಮೀ. ಬಿಲ್ಲೆ ಕೊಯ್ದು ಉಗುರಿನ ಪರೀಕ್ಷೆ ಮಾಡುತ್ತಿರಿ. ಕಪ್ಪು ಗೆರೆ ಇನ್ನಷ್ಟು ಬರಲೆಂದು ಕಾಯುತ್ತ ಕೂತು ಮರವನ್ನೇ ಕಳೆದುಕೊಳ್ಳುವವರು ಬಹಳ. ಗೆರೆ ಕಾಣಿಸಿತು, ಮರ ಇನ್ನೂ ಗಟ್ಟಿಯಿದೆ ಎಂದಾದ ದಿನವೇ ತೆಗೆದುಬಿಡಿ.

ಕೊಳೆತ ನಿಲ್ಲುವುದು ಮರ ಒಣಗಿದಾಗ. ತೇವಾಂಶ ಶೇ 20ಕ್ಕಿಂತ ಕೆಳಗಿಳಿದರೆ ಶಿಲೀಂಧ್ರ ಮುಂದುವರಿಯದು. ಮೇಲಿಂದ ಔಷಧಿ ಹಚ್ಚಿದರೆ ಒಳಗಿನದಕ್ಕೆ ತಾಕುವುದಿಲ್ಲ.

ಕೊಯ್ಯುವ ಮೊದಲು

ದಿಮ್ಮಿಯ ನಟ್ಟನಡುವಿನ ತಿರುಳನ್ನು ಬೋಗುಣಿಯೊಳಗೆ ಬಿಡಬಾರದು, ಒಣಗುವಾಗ ಬಿರುಕು ಹೊರಡುವುದು ಅಲ್ಲಿಂದಲೇ. ತಿರುಳಿನ ಎರಡೂ ಬದಿಗೆ 2-3 ಸೆಂ.ಮೀ. ಬಿಟ್ಟು ದಿಮ್ಮಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ. ಸಾಮಾನ್ಯವಾಗಿ ತಿರುಳಿನ ಕಡೆಯ ಚಪ್ಪಟೆ ಮುಖ ಬಾಯಿಯಾಗಿ, ತೊಗಟೆಯ ಕಡೆ ತಳವಾಗುತ್ತದೆ. ಕುಂಬಾದ ಮರದಲ್ಲಿ ಇದನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಕೊಳೆತ ಹೊರಗಿನಿಂದ ಒಳಕ್ಕೆ ಬರುವುದರಿಂದ ತೊಗಟೆಯ ಕಡೆಯೇ ಹೆಚ್ಚು ಮೆತ್ತಗಿರುತ್ತದೆ. ಹಾಗಿದ್ದರೆ ಹೋಳನ್ನು ತಿರುಗಿಸಿ, ಗಟ್ಟಿಯಿರುವ ಒಳಭಾಗವನ್ನು ತಳ ಮಾಡಿ, ತೊಗಟೆಯ ಅಂಚನ್ನು ಬಾಯಿಯಾಗಿ ಇಟ್ಟುಕೊಳ್ಳಿ. ಅಲೆಅಲೆಯಾದ ಅಂಚಿನ ಬೋಗುಣಿ ಸಿಗುತ್ತದೆ. ಚಿತ್ತಾರವೂ ಬಾಯಿಯ ಸುತ್ತಲೇ ಬೀಳುವುದರಿಂದ ಕುಂಬಾದ ಮಾವಿಗೆ ಇದೇ ಒಳ್ಳೆಯ ಆಕಾರವೆಂದು ನಾವು ಹೇಳುತ್ತೇವೆ.

ಪೊಟರೆ ಅಥವಾ ದೊಡ್ಡ ಬಿರುಕು ಇದ್ದರೆ ಅದು ಗೋಡೆಯ ನಡುಮಟ್ಟದಲ್ಲಿ ಬರುವಂತೆ ನೋಡಿಕೊಳ್ಳಿ. ಬಾಯಿಯಂಚನ್ನೂ ತಳವನ್ನೂ ಒಟ್ಟಿಗೆ ದಾಟುವ ಬಿರುಕಿದ್ದರೆ ಆ ತುಂಡನ್ನು ಲೇತ್‌ಗೆ ಏರಿಸಬಾರದು. ತಿರುಗುವಾಗ ಅದು ಎರಡಾಗಿ ಹಾರುತ್ತದೆ.

ಒರಟು ಕಡೆತ ಮತ್ತು ಒಣಗಿಸುವುದು

ಮೊದಲು ಬಾಯಿಯ ಕಡೆಗೆ 75-100 ಮಿ.ಮೀ. ಫೇಸ್‌ಪ್ಲೇಟ್ (ಮರವನ್ನು ಲೇತ್‌ಗೆ ಸ್ಕ್ರೂನಿಂದ ಬಿಗಿಯುವ ಲೋಹದ ಬಿಲ್ಲೆ) ಕೂರಿಸಿ. ಎಂಟು ಸ್ಕ್ರೂ ಬೇಕು, ಪ್ರತಿಯೊಂದೂ ಗಟ್ಟಿ ಮರದೊಳಗೆ ಕನಿಷ್ಠ 25 ಮಿ.ಮೀ. ಇಳಿಯಬೇಕು. ಫಾಲ್ಸ್ ಸೀಲಿಂಗ್‌ನವರ ಕಪ್ಪು ಸ್ಕ್ರೂ ಬಳಸಬೇಡಿ, ಅವು ಬಾಗುವುದಿಲ್ಲ, ತಟಕ್ಕನೆ ತುಂಡಾಗುತ್ತವೆ. ಬಾಯಿಯ ಕಡೆ ಮೆತ್ತಗಿದ್ದರೆ ಮಧ್ಯವನ್ನು ಉಳಿಯಿಂದ ಗಟ್ಟಿ ಮರ ಸಿಗುವವರೆಗೆ ತಗ್ಗುಮಾಡಿ ಅಲ್ಲಿ ಪ್ಲೇಟ್ ಕೂರಿಸಿ. ಆ ಭಾಗ ಹೇಗೂ ಬೋಗುಣಿಯ ಹೊಟ್ಟೆಯಾಗಿ ಹೋಗುವಂಥದ್ದು. ಹಿಂದಿನಿಂದ ಟೇಲ್‌ಸ್ಟಾಕ್‌ನ (ಲೇತ್‌ನ ಇನ್ನೊಂದು ತುದಿಯಿಂದ ಮರವನ್ನು ಒತ್ತಿ ಹಿಡಿಯುವ ಭಾಗ) ಒತ್ತಾಸೆ ಕೊನೆಯವರೆಗೂ ಇರಲಿ.

ವೇಗದ ಲೆಕ್ಕ ಹೀಗೆ: ಇಂಚಿನಲ್ಲಿ ಅಗಲ ಗುಣಿಸು ನಿಮಿಷದ ಸುತ್ತು 6000ದಿಂದ 9000ದ ಒಳಗಿರಬೇಕು ಎಂಬುದು ಒಳ್ಳೆಯ ಮರಕ್ಕೆ ಹೇಳಿದ್ದು. ದೋಷವಿರುವ ಮರಕ್ಕೆ 6000ವೇ ಮಿತಿ. ಅಂದರೆ 10 ಇಂಚಿನ ತುಂಡಿಗೆ 600 ಸುತ್ತು. ಶುರುವಿಗೆ 300 ಇಟ್ಟು, ತುಂಡು ಗುಂಡಗಾದ ಮೇಲೆ ಏರಿಸಿ. ಕುಂಬಾದ ಕಡೆ ಹಗುರ, ಗಟ್ಟಿ ಕಡೆ ಭಾರ ಆಗಿರುವುದರಿಂದ ಗುಂಡಗಾದರೂ ಲೇತ್ ಸ್ವಲ್ಪ ನಡುಗುತ್ತಲೇ ಇರುತ್ತದೆ. ಅಂಥಲ್ಲಿ ವೇಗ ಇಳಿಸುವುದೊಂದೇ ದಾರಿ. ಮುಖಕ್ಕೆ ಪೂರ್ತಿ ಶೀಲ್ಡ್ ಇಲ್ಲದೆ ಸ್ವಿಚ್ ಒತ್ತಬೇಡಿ, ಒತ್ತುವಾಗ ತುಂಡಿನ ನೇರಕ್ಕೆ ನಿಲ್ಲಬೇಡಿ.

ಇನ್ನು ದೂಳು. ಕುಂಬಾದ ಮರ ಕಡೆಯುವಾಗ ಮರದ ದೂಳಿನ ಜೊತೆಗೆ ಶಿಲೀಂಧ್ರದ ಬೀಜಕಣಗಳೂ ಹಾರುತ್ತವೆ. ಬಟ್ಟೆಯ ಮಾಸ್ಕ್ ಸಾಲದು, ಮೂಗಿಗೆ ಬಿಗಿಯಾಗಿ ಕೂರುವ ಎನ್95 ಕನಿಷ್ಠ. ಉಬ್ಬಸ ಇರುವವರು ಈ ಕೆಲಸ ಮಾಡದಿರುವುದೇ ಲೇಸು.

ಹೊರಮೈ ಆಕಾರಕ್ಕೆ ಬಂದ ಮೇಲೆ ತಳದಲ್ಲಿ ಚಕ್‌ಗೆ ಗೂಟ ಬಿಡಿ. ಅಗಲ ಬೋಗುಣಿಯ ಮೂರನೇ ಒಂದು ಭಾಗಕ್ಕೆ ಕಡಿಮೆಯಾಗದಿರಲಿ, ಅಂದರೆ 85-100 ಮಿ.ಮೀ., ಎತ್ತರ 8-10 ಮಿ.ಮೀ. ಒಣಗಿದಾಗ ಗೂಟ ಮೊಟ್ಟೆಯಾಕಾರಕ್ಕೆ ತಿರುಗುವುದರಿಂದ ಅಳತೆಗಿಂತ 8-10 ಮಿ.ಮೀ. ದಪ್ಪ ಬಿಟ್ಟಿರಿ. ತಳವೂ ಮೆತ್ತಗಿದ್ದರೆ ಅಲ್ಲಿ ಗೂಟ ಕಡೆಯಬೇಡಿ. ಒಣಗಿದ ಮೇಲೆ ಗಟ್ಟಿ ಮರ ಸಿಗುವವರೆಗೆ ತಳವನ್ನು ಸಮಮಾಡಿ, ತೇಗದ ಅಥವಾ ಬೇರೆ ಗಟ್ಟಿ ಮರದ 30 ಮಿ.ಮೀ. ದಪ್ಪದ ಬಿಲ್ಲೆಯನ್ನು ಎಪಾಕ್ಸಿಯಿಂದ ಅಂಟಿಸಿ, ಆ ಬಿಲ್ಲೆಯಲ್ಲಿ ಗೂಟ ಮಾಡಿ.

ತುಂಡನ್ನು ತಿರುಗಿಸಿ ಗೂಟವನ್ನು ಚಕ್‌ಗೆ ಕೊಟ್ಟು, ಒಳಗನ್ನು ಬಗೆದು ಗೋಡೆಯನ್ನು 28-30 ಮಿ.ಮೀ. ಉಳಿಸಿ. ಗಟ್ಟಿ ಮರಕ್ಕೆ ಅಗಲದ ಹತ್ತನೇ ಒಂದು ಭಾಗ ಸಾಕು, ಇದು ಸೊಟ್ಟಗಾಗುವುದು ಹೆಚ್ಚು. ಎಳೆಗಳ ತುದಿ ಹೊರಬಿದ್ದ ಎರಡು ಕಡೆಗೆ ಕರಗಿಸಿದ ಮೇಣ ಹಚ್ಚಿ. ಸುತ್ತಲೂ ಹಚ್ಚಬೇಡಿ. ಗಟ್ಟಿ ಹಸಿಮರವನ್ನು ಹಾಗೆ ಮುಚ್ಚಿ ನಿಧಾನಕ್ಕೆ ಒಣಗಿಸುವುದು ವಾಡಿಕೆ. ಕುಂಬಾದ ಮರವನ್ನು ಮಳೆಗಾಲದಲ್ಲಿ ಹಾಗೆ ಮಾಡಿದರೆ ಒಳಗೆ ಕೊಳೆತ ಮುಂದುವರಿದು, ಎರಡು ತಿಂಗಳ ನಂತರ ತೆಗೆದಾಗ ಬೆಂಡು ಸಿಗುತ್ತದೆ. ಮೊದಲ ಎರಡು ವಾರ ನ್ಯೂಸ್‌ಪೇಪರ್ ಸುತ್ತಿ, ಕಾಗದವನ್ನು ದಿನಾ ಬದಲಿಸಿ, ಫ್ಯಾನ್ ಗಾಳಿ ಆಡುವ ಕೋಣೆಯಲ್ಲಿಡಿ. ಆಮೇಲೆ ಬಿಡಿಯಾಗಿ ಕಪಾಟಿನ ಮೇಲಿಟ್ಟರಾಯಿತು. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತಳದಲ್ಲೇ ಪೆನ್ಸಿಲ್‌ನಿಂದ ಬರೆಯಿರಿ. ಸತತ ಮೂರು ವಾರ ತೂಕ ಇಳಿಯದಿದ್ದರೆ ಒಣಗಿದೆ ಎಂದರ್ಥ. ಕರಾವಳಿಯ ಮಳೆಗಾಲದ ಗಾಳಿಯಲ್ಲೇ ತೇವ ಇರುವುದರಿಂದ ಅಲ್ಲಿ ಒಣಗಿಸಿದ್ದನ್ನು ಬಳ್ಳಾರಿ, ಕಲಬುರಗಿಯ ಬೇಸಗೆಗೆ ಒಯ್ದರೆ ಮತ್ತೆ ಕುಗ್ಗುತ್ತದೆ. ಮಾರುವವರು ಇದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು.

ಗುಂಡುಸೂಜಿಯ ತಲೆಯಷ್ಟು ತೂತುಗಳು, ಅವುಗಳ ಕೆಳಗೆ ಮೈದಾಹಿಟ್ಟಿನಷ್ಟು ನಯವಾದ ಪುಡಿ ಕಂಡರೆ ಕುಟ್ಟೆ ಹುಳು ಇನ್ನೂ ಒಳಗಿದೆ. ಮರದ ನಡುಭಾಗ 56 ಡಿಗ್ರಿಗೆ ಏರಿ ಅರ್ಧ ಗಂಟೆ ಅಲ್ಲೇ ನಿಂತರೆ ಹುಳು, ಮೊಟ್ಟೆ ಎರಡೂ ಸಾಯುತ್ತವೆ. ಪೂರ್ತಿ ಒಣಗಿದ ಬೋಗುಣಿಯನ್ನು ಓವನ್‌ನಲ್ಲಿ 65-70 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟರೆ ಈ ದಪ್ಪಕ್ಕೆ ಸಾಕು. ಹಸಿ ಇರುವಾಗ ಇಟ್ಟರೆ ಬಿರಿಯುತ್ತದೆ.

ಮೆತ್ತಗಿನ ಜಾಗ, ಬಿರುಕು, ಪೊಟರೆ

ಇವನ್ನೆಲ್ಲ ಗಟ್ಟಿಮಾಡುವುದು ಒಣಗಿದ ಮೇಲೆಯೇ. ತೇವವಿರುವ ಮರಕ್ಕೆ ಸೂಪರ್ ಗ್ಲೂ ಹಾಕಿದರೆ ಬಿಳಿ ನೊರೆಯೆದ್ದು ಮೇಲೆಯೇ ಗಟ್ಟಿಯಾಗುತ್ತದೆ, ಒಳಕ್ಕಿಳಿಯುವುದಿಲ್ಲ. ಅಂಗಡಿಯಲ್ಲಿ ಕೇಳಬೇಕಾದದ್ದು ನೀರಿನಷ್ಟು ತೆಳುವಾದ ಬಗೆ. ಮೊದಲು ಆ ಜಾಗಕ್ಕೂ ಅದರ ಸುತ್ತಲ ಗಟ್ಟಿ ಮರಕ್ಕೂ ತೆಳು ಚಪಡಾ (ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಹಕ್ಕಳೆ) ಒಂದು ಕೈ ಬಳಿಯಿರಿ. ಹೀಗೆ ಮಾಡದಿದ್ದರೆ ಅಂಟು ಬಿದ್ದಲ್ಲೆಲ್ಲ ಹಳದಿ ಕಲೆ ಉಳಿದು, ಎಷ್ಟು ತಿಕ್ಕಿದರೂ ಹೋಗದು. ಚಪಡಾ ಒಣಗಿದ ಮೇಲೆ ಮೆತ್ತಗಿನ ಜಾಗಕ್ಕೆ ಅಂಟನ್ನು ಹನಿಹನಿಯಾಗಿ, ಮರ ಕುಡಿಯುವಷ್ಟು ಬಿಡಿ. ಹೊಗೆ ಕಣ್ಣುರಿಸುತ್ತದೆ, ಕಿಟಕಿ ತೆರೆದಿರಲಿ. ಚೆಲ್ಲಿದ್ದನ್ನು ಹತ್ತಿಬಟ್ಟೆಯಿಂದ ಒರೆಸಬೇಡಿ, ಹತ್ತಿಗೆ ಈ ಅಂಟು ತಗಲಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ.

ಕೂದಲೆಳೆಯ ಬಿರುಕಿಗೆ ಅದೇ ಅಂಟು ಬಿಟ್ಟು, ಅದೇ ಮರದ ಪುಡಿ ಉದುರಿಸಿ ತಿಕ್ಕಿದರೆ ಮುಚ್ಚುತ್ತದೆ. 2 ಮಿ.ಮೀ.ಗಿಂತ ಅಗಲದ ಬಿರುಕನ್ನು ಮುಚ್ಚಿ ಹಾಕುವ ಬದಲು ಕಾಣುವಂತೆ ಹೊಲಿಯಿರಿ. ಬೀಟೆಯ ಚೂರಿನಿಂದ ಡಮರು ಆಕಾರದ 6 ಮಿ.ಮೀ. ದಪ್ಪದ ಬೆಣೆ ಮಾಡಿ, ಬಿರುಕಿಗೆ ಅಡ್ಡಲಾಗಿ ಅದೇ ಆಕಾರದ ಗುಳಿ ತೋಡಿ ಕೂರಿಸಿ. ಬೆಣೆಯ ಎಳೆ ಬಿರುಕಿಗೆ ಅಡ್ಡವಿರಬೇಕು, ಜೊತೆಜೊತೆಗೇ ಓಡಿದರೆ ಸೊಂಟದಲ್ಲಿ ಮುರಿಯುತ್ತದೆ.

ಪೊಟರೆಯನ್ನು ತುಂಬಲೇಬೇಕೆಂದಿಲ್ಲ. ಅಂಚು ಗಟ್ಟಿಯಿದ್ದರೆ ಹಾಗೇ ಬಿಡುವುದು ಅಂದ. ತುಂಬುವುದಾದರೆ ಒಳಗಿನ ಸಡಿಲ ಪುಡಿಯನ್ನು ಹಲ್ಲುಜ್ಜುವ ಬ್ರಷ್‌ನಿಂದ ಕೆದಕಿ ತೆಗೆದು, ಗೋಡೆಗೆ ಚಪಡಾ ಹಚ್ಚಿ, ಹಿಂಬದಿಗೆ ಪ್ಯಾಕಿಂಗ್ ಟೇಪ್ ಬಿಗಿಯಾಗಿ ಅಂಟಿಸಿ. ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯ ಮೇಲಿರುವ ಪ್ರಮಾಣದಲ್ಲೇ ತೂಗಿ ಮೂರು ನಿಮಿಷ ಕಲಸಿ. ಕಣ್ಣಂದಾಜು ಬೇಡ, ಪ್ರಮಾಣ ತಪ್ಪಿದ ಎಪಾಕ್ಸಿ ವಾರ ಕಳೆದರೂ ಅಂಟಂಟಾಗಿಯೇ ಇರುತ್ತದೆ. ಬಣ್ಣಕ್ಕೆ ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟವನ್ನು ಬಿಸಿಲಲ್ಲಿ ಖಡಖಡ ಒಣಗಿಸಿ ಬೆರೆಸಿದರೆ ತೊಗಟೆಯ ಕಂದು ಬರುತ್ತದೆ, ಹಿತ್ತಾಳೆ ಪುಡಿ ಬೆರೆಸಿದರೆ ಕಪ್ಪು ಗೆರೆಗಳ ಪಕ್ಕ ಚೆನ್ನಾಗಿ ಒಪ್ಪುತ್ತದೆ. ಒಂದು ಸಲಕ್ಕೆ 10 ಮಿ.ಮೀ.ಗಿಂತ ಆಳ ಸುರಿದರೆ ಕಾವು ಏರಿ ಗುಳ್ಳೆಯೇಳುತ್ತದೆ. ಮೆತ್ತಗಿನ ಗೋಡೆ ಎಪಾಕ್ಸಿಯನ್ನು ಕುಡಿದು ಮಟ್ಟ ಇಳಿಯುವುದರಿಂದ ಮಾರನೆಯ ದಿನ ಇನ್ನೊಂದು ಸಲ ಸುರಿಯಬೇಕಾಗುತ್ತದೆ.

ಕೊನೆಯ ಕಡೆತ

ಬೌಲ್ ಗೌಜ್ (ಬೋಗುಣಿ ಕಡೆಯುವ ದೋಣಿಯಾಕಾರದ ಉಳಿ) ಅನ್ನು 45-50 ಡಿಗ್ರಿಗೆ ಸಾಣೆ ಹಿಡಿದು, ಈ ಹಂತಕ್ಕೆ ಮತ್ತೊಮ್ಮೆ ಹರಿತ ಮಾಡಿ. ಗಟ್ಟಿ ಮರದಲ್ಲಿ ನಡೆಯುವ ಮೊಂಡು ಅಲಗು ಇಲ್ಲಿ ಎಳೆಯನ್ನು ಕತ್ತರಿಸದೆ ಬುಡಸಮೇತ ಕೀಳುತ್ತದೆ. ಕಿತ್ತ ಗುಳಿ 2-3 ಮಿ.ಮೀ. ಆಳವಿರುವುದರಿಂದ ಉಪ್ಪುಕಾಗದದಿಂದ ಸರಿಹೋಗುವುದಿಲ್ಲ. ಹೊರಮೈಯನ್ನು ತಳದಿಂದ ಬಾಯಿಯ ಕಡೆಗೆ, ಒಳಮೈಯನ್ನು ಬಾಯಿಯಿಂದ ತಳದ ಕಡೆಗೆ ಕಡೆಯಿರಿ. ಒಂದು ಸಲಕ್ಕೆ ಅರ್ಧ ಮಿ.ಮೀ. ಮಾತ್ರ.

ಗೌಜ್‌ನ ಹಿಂಬದಿಯ ಓರೆಮುಖವನ್ನು ಮರಕ್ಕೆ ಒತ್ತಿ ನಡೆಸುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಒತ್ತಿದಾಗ ಮೆತ್ತಗಿನ ಜಾಗ ಒಳಕ್ಕೆ ತಗ್ಗುತ್ತದೆ, ಅಲಗು ಅದರ ಮೇಲೆ ಜಾರಿಹೋಗುತ್ತದೆ, ಗಟ್ಟಿ ಗೆರೆ ಸಿಕ್ಕಾಗ ಮೇಲಕ್ಕೆ ಪುಟಿಯುತ್ತದೆ. ಒತ್ತಡ ಹೋದ ಮೇಲೆ ತಗ್ಗಿದ ಎಳೆ ಮತ್ತೆ ಉಬ್ಬಿ ಮೈಯೆಲ್ಲ ಉಬ್ಬುತಗ್ಗು. ಒತ್ತಡವನ್ನು ಎಡಗೈಯಿಂದ ಟೂಲ್‌ರೆಸ್ಟ್‌ನ (ಉಳಿಗೆ ಆಸರೆಯಾದ ಲೇತ್‌ನ ಪಟ್ಟಿ) ಮೇಲೆ ಕೆಳಮುಖವಾಗಿ ಹಾಕಿ, ಓರೆಮುಖ ಮರವನ್ನು ಸವರುವಷ್ಟೇ ತಾಕಲಿ. ಕಿವಿಯೂ ಕೆಲಸಕ್ಕೆ ಬರುತ್ತದೆ. ಗಟ್ಟಿ ಮರದ ಸುಯ್ ಸದ್ದಿನ ನಡುವೆ ಚರಚರ ಎಂದು ಕೇಳಿಬಂದರೆ ಎಳೆ ಕೀಳಲು ಶುರುವಾಗಿದೆ. ತಕ್ಷಣ ನಿಲ್ಲಿಸಿ ಆ ಜಾಗಕ್ಕೆ ಚಪಡಾ ಬಳಿದು, ಹತ್ತು ನಿಮಿಷ ಬಿಟ್ಟು ಮುಂದುವರಿಸಿ. ಚಪಡಾ ನಿಂತ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುತ್ತದೆ. ಹೊರಮೈಯ ಕೊನೆಯ ಕೈಗೆ ಸ್ಕ್ರೇಪರ್ (ಕೆರೆಯುವ ಉಳಿ) ಅನ್ನು 45 ಡಿಗ್ರಿ ವಾಲಿಸಿ ಓರೆಯಾಗಿ ಎಳೆಯಬಹುದು. ಚಪ್ಪಟೆಯಾಗಿ ಹಿಡಿದರೆ ಕುಂಬು ಕಿತ್ತುಹೋಗುವುದು ಖಂಡಿತ.

ಗೋಡೆಯನ್ನು 9-10 ಮಿ.ಮೀ.ಗಿಂತ ತೆಳು ಮಾಡಬೇಡಿ. ತೆಳುವಾದಷ್ಟೂ ಕೈಚಳಕ ಎಂಬ ಎಣಿಕೆ ಈ ಮರಕ್ಕೆ ಸಲ್ಲದು. ಪೊಟರೆ ಇರುವ ಗೋಡೆಯ ಬಳಿ ತಿರುಗುವಾಗ ಬೆರಳನ್ನು ಮರಕ್ಕೆ ತಾಗಿಸಿ ದಪ್ಪ ನೋಡಬೇಡಿ. ತೂತಿನ ಅಂಚು ತಿರುಗುವಾಗ ಕಣ್ಣಿಗೆ ಕಾಣುವುದೇ ಇಲ್ಲ.

ತಿಕ್ಕುವುದು, ಮೆರುಗು

ಉಪ್ಪುಕಾಗದ ಮೆತ್ತಗಿನದನ್ನು ಬೇಗ, ಗೆರೆಯನ್ನು ನಿಧಾನಕ್ಕೆ ತಿನ್ನುತ್ತದೆ. ಸ್ಪಂಜಿನ ಮೇಲೆ ಕಾಗದ ಸುತ್ತಿ ತಿಕ್ಕಿದರೆ ಕಪ್ಪು ಗೆರೆಗಳು ಏಣುಗಳಂತೆ ಎದ್ದು ನಿಲ್ಲುತ್ತವೆ. ಗಟ್ಟಿ ರಬ್ಬರ್ ಅಥವಾ ಕಾರ್ಕ್ ತುಂಡಿನ ಮೇಲೆ ಕಾಗದ ಸುತ್ತಿ, 200-250 ಸುತ್ತಿನಲ್ಲಿ 120, 180, 240, 320 ನಂಬರಿನ ಕಾಗದಕ್ಕೆ ಒಂದೊಂದಾಗಿ ಏರಿ. ಕಪ್ಪು ಗೆರೆಯ ಪುಡಿ ಬಿಳಿ ಮರದ ರಂಧ್ರಕ್ಕೆ ತುಂಬಿ ಇಡೀ ಮೈಯನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಪ್ರತಿ ಕಾಗದ ಮುಗಿದ ಮೇಲೆ ವ್ಯಾಕ್ಯೂಮ್‌ನಿಂದ ಎಳೆಯಿರಿ, ಒದ್ದೆಬಟ್ಟೆ ಬೇಡ. 180 ಆದಮೇಲೆ ಚಪಡಾ ಒಂದು ಕೈ ಹಚ್ಚಿ ಮುಂದುವರಿಸಿದರೆ ಬಣ್ಣಗಳು ಬೇರೆಬೇರೆಯಾಗಿಯೇ ನಿಲ್ಲುತ್ತವೆ.

ನೇರವಾಗಿ ಅಗಸೆಎಣ್ಣೆ ಹಚ್ಚುವುದೇ ಈ ಕೆಲಸದ ದೊಡ್ಡ ತಪ್ಪು. ಮೆತ್ತಗಿನ ಭಾಗ ಎಣ್ಣೆ ಕುಡಿದು ಕಂದಾಗಿ, ಬಿಳಿ-ಕಪ್ಪಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಮೇಣ ತೆಗೆದ ತಿಳಿ ಚಪಡಾವನ್ನು ಮೂರು ಕೈ ಹಚ್ಚಿ, ನಡುನಡುವೆ 400ರಲ್ಲಿ ಹಗುರಾಗಿ ತಿಕ್ಕಿ, ಮೇಲೆ ಜೇನುಮೇಣ ಅಥವಾ ತಿಳಿ ಲ್ಯಾಕರ್ ಸಾಕು. ಚನ್ನಪಟ್ಟಣದವರ ಹಾಗೆ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಕೇದಗೆ ಎಲೆಯಿಂದ ಮೆರುಗು ಕೊಡೋಣವೆಂದರೆ, ಅವರು ಬಳಸುವ ನಯವಾದ ಆಲೆ ಮರ ಆ ಒತ್ತಡ ತಡೆಯುತ್ತದೆ, ಕುಂಬಾದ ಮಾವು ಅಲ್ಲಲ್ಲೇ ತಗ್ಗುತ್ತದೆ. ಎಣ್ಣೆ ಬಳಸಿದ್ದರೆ ಆ ಬಟ್ಟೆಯನ್ನು ಮುದುರಿ ಎಸೆಯಬೇಡಿ, ಅಗಸೆಎಣ್ಣೆಯ ಬಟ್ಟೆ ತನ್ನಿಂದ ತಾನೇ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಇದರಲ್ಲಿ ಸಾರು, ಮೊಸರು ಹಾಕುವಂತಿಲ್ಲ. ಸಿಪ್ಪೆಯಿರುವ ಹಣ್ಣು, ಸಿಪ್ಪೆ ಸುಲಿಯದ ಕಡಲೆಕಾಯಿ, ಬೀಗದ ಕೈಗಳಿಗೆ ಸರಿ. ತೊಳೆಯದೆ ಒಣಬಟ್ಟೆಯಿಂದ ಒರೆಸಿ. ತಿಂಗಳುಗಳ ನಂತರ ಬೋಗುಣಿಯ ಕೆಳಗೆ ಹೊಸ ಪುಡಿ ಬಿದ್ದಿದ್ದರೆ ಕುಟ್ಟೆ ಹುಳು ತಪ್ಪಿಸಿಕೊಂಡಿದೆ. ಮೆರುಗು ಹಚ್ಚಿದ್ದನ್ನು ಓವನ್‌ಗಿಡುವಂತಿಲ್ಲವಾದ್ದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚಬೇಡಿ, ಇಲ್ಲದಿದ್ದರೆ ಇಬ್ಬನಿ ನೇರ ಮರದ ಮೇಲೆಯೇ ಕೂರುತ್ತದೆ.